ಬೀರು ಖಾಲಿ ಮಾಡಿದರೆ ದುಡ್ಡು ಹೇಗೆ ಉಳಿಯುತ್ತದೆ?

ಪರಿಚಯದವರ ಮನೆಗಳಲ್ಲಿ ಬೀರು ಜೋಡಿಸಿಕೊಡುವುದು ನನಗೆ ಪ್ರೀತಿಯ ಕೆಲಸ. ಇದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದ್ದ ಸೀರೆಗಳನ್ನು ತೆಗೆದು ಕೊಟ್ಟುಬಿಟ್ಟರೆ ದುಡ್ಡು ಹೇಗೆ ಉಳಿಯುತ್ತದೆ? ಕೊಟ್ಟಿದ್ದು ಹೋಯಿತಲ್ಲವೇ?’

ಕೊಟ್ಟಿದ್ದು ಹೋಯಿತು, ನಿಜ. ಉಳಿಯುವುದು ಮುಂದಿನ ಖರೀದಿಯ ದುಡ್ಡು. ಅದೂ ಹೊರಗೆ ಹೋದ ಬಟ್ಟೆಯಿಂದಲ್ಲ, ಬೀರುವಿನಲ್ಲೇ ಉಳಿದು ಮತ್ತೆ ಉಡುವಂತಾದ ಸೀರೆಯಿಂದ.

ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿ, ಒಂದೊಂದನ್ನೂ ಎತ್ತಿ ‘ಇದನ್ನು ಯಾಕೆ ಉಡುತ್ತಿಲ್ಲ?’ ಎಂದು ಕೇಳಿಕೊಳ್ಳಿ. ‘ಇಷ್ಟವಿಲ್ಲ’ ಎನ್ನುವ ಉತ್ತರ ಅಪರೂಪ. ರವಿಕೆ ಬಿಗಿ, ಫಾಲ್ ಹಚ್ಚಿಸಿಲ್ಲ, ಆ ಬಣ್ಣದ ಲಂಗವಿಲ್ಲ, ಕುಚ್ಚು ಕಟ್ಟಿಸಬೇಕು, ಇಂಥವೇ ಬರುತ್ತವೆ. ಸಾವಿರಾರು ರೂಪಾಯಿಯ ಸೀರೆ ಒಂದು ಸಣ್ಣ ಕೆಲಸಕ್ಕಾಗಿ ವರ್ಷಗಟ್ಟಲೆ ಕಾದು ಬಿದ್ದಿರುತ್ತದೆ. ಮದುವೆಯ ಕರೆಯೋಲೆ ಬಂದೊಡನೆ ನಾವು ಮಾತ್ರ ‘ಉಡಲು ಏನೂ ಇಲ್ಲ’ ಎಂದು ಅಂಗಡಿಗೆ ಹೊರಡುತ್ತೇವೆ.

ಹೆಚ್ಚಿನ ಸೀರೆಗಳನ್ನು ಕಟ್ಟಿಹಾಕಿರುವುದು ರವಿಕೆ. ಅದನ್ನು ಒಳಗು ಹೊರಗು ಮಾಡಿ ಪಕ್ಕದ ಹೊಲಿಗೆ ನೋಡಿ. ಒಳ್ಳೆಯ ದರ್ಜಿಗಳು ಅಲ್ಲಿ ಒಂದಿಷ್ಟು ಬಟ್ಟೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಮೈಗೆ ಹತ್ತಿರದ ಸಾಲನ್ನು ಸಣ್ಣ ಕತ್ತರಿಯಿಂದ ಬಿಚ್ಚಿದರೆ ಸಾಕು, ರವಿಕೆ ಸಡಿಲವಾಗುತ್ತದೆ. ತೋಳಿಗೂ ಇದೇ ಉಪಾಯ. ಬಿಚ್ಚಲು ಬಟ್ಟೆಯೇ ಇಲ್ಲದಿದ್ದರೆ ಕಂಕುಳ ಕೆಳಗೆ ಅದೇ ಬಣ್ಣದ ಪಟ್ಟಿ ಕೂಡಿಸಬಹುದು. ಅರಿಶಿನ ಕುಂಕುಮಕ್ಕೆ ಹೋದಾಗಲೆಲ್ಲ ಬಂದ ರವಿಕೆ ಕಣಗಳು ಒಂದು ಚೀಲ ತುಂಬ ಇರುತ್ತವಲ್ಲ, ಅವನ್ನು ಸೀರೆಗಳ ಪಕ್ಕ ಇಟ್ಟು ನೋಡಿ. ಹಸಿರು ಅಂಚಿನ ಸೀರೆಗೆ ಹಸಿರು ಕಣ ಅಲ್ಲೇ ಸಿಕ್ಕಾಗ ಮನೆಯವರ ಮುಖದಲ್ಲಿ ಮೂಡುವ ಖುಷಿ ನನಗೆ ಬಹಳ ಇಷ್ಟ.

ಇನ್ನು ಕಾಪಾಡಿಕೊಳ್ಳುವ ಮಾತು. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೂಡಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ. ಆಗಾಗ ಬಿಡಿಸಿ ಬೇರೆ ಗೆರೆಯಲ್ಲಿ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಸೀಳಿದ ಮೇಲೆ ಅದಕ್ಕೆ ಸುಲಭದ ಮದ್ದಿಲ್ಲ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತೇನೆ.

ಇಷ್ಟಾದ ಮೇಲೂ ಬೇಡವಾದವು ಉಳಿಯುತ್ತವೆ. ಮೆತ್ತಗಾದ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹೊಲಿದರೆ ಕೌದಿಯಾಗುತ್ತದೆ. ಉತ್ತರ ಕರ್ನಾಟಕದ ಹೆಂಗಸರು ಹೀಗೆ ಮಾಡಿದ ಕೌದಿ ಹೊದ್ದವರಿಗೆ ಅದರ ಬೆಲೆ ಗೊತ್ತು. ಆದರೆ ಹಳೆಯ ರೇಷ್ಮೆ ಸೀರೆಯನ್ನು ಬಾಗಿಲಿಗೆ ಬಂದವರಿಗೆ ಪಾತ್ರೆಯ ಬದಲಿಗೆ ಕೊಟ್ಟುಬಿಡಬೇಡಿ. ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಅಸಲಿ ಜರಿ ಎಂಬ ಅನುಮಾನವಿದ್ದರೂ ಸಾಕು, ಮೊದಲು ತಿಳಿದವರಿಗೆ ತೋರಿಸಿ, ಎರಡು ಕಡೆ ಬೆಲೆ ಕೇಳಿ.

ಜೋಡಿಸಿದ ದಿನವೇ ಪ್ರತಿ ಸೀರೆಯನ್ನೂ ಅದರ ರವಿಕೆಯೊಂದಿಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಆಷಾಢದಲ್ಲಿ ಮದುವೆಗಳಿಲ್ಲದೆ ವ್ಯಾಪಾರ ತಗ್ಗುವುದರಿಂದ ಅಂಗಡಿಗಳು ರಿಯಾಯಿತಿಯ ಫಲಕ ಹಾಕುತ್ತವೆ. ಅಲ್ಲಿ ಕೈಗೆತ್ತಿಕೊಂಡ ನೇರಳೆ ಸೀರೆಯಂಥದ್ದೇ ಮನೆಯಲ್ಲಿ ಎರಡಿದೆಯೆಂದು ಆ ಫೋಟೋ ನೋಡಿದರೆ ಗೊತ್ತಾಗುತ್ತದೆ.