ಸೆಕೆಂಡಿಗೆ ಆರು ಸೆಂಟಿಮೀಟರ್

ನಾನು ಈಗ ಬರೆಯುತ್ತಿರುವ ಮೇಜಿನ ಮೇಲೆ, ಪುಸ್ತಕಗಳ ಪಕ್ಕದಲ್ಲಿ, ಒಂದು ಪುಟ್ಟ ಮಾದರಿ ರೈಲು ಇಂಜಿನ್ ನಿಂತಿದೆ. ಉದ್ದ ನನ್ನ ಅಂಗೈಯಷ್ಟು. ನಾಲ್ಕೇ ಗಾಲಿಗಳು, ಬಾಯ್ಲರಿನ ಬೆನ್ನ ಮೇಲೆ ಕುದುರೆಗೆ ಜೀನು ಹೊದಿಸಿದಂತೆ ಕುಳಿತ ನೀರಿನ ತೊಟ್ಟಿ, ಮೈಗೆ ಹೋಲಿಸಿದರೆ ತುಸು ಎತ್ತರವೇ ಎನಿಸುವ ಚಿಮಣಿ. 2011ರಲ್ಲಿ ನಾನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕೆಲಸದಲ್ಲಿದ್ದಾಗ, ಶಾಲೆಯೊಂದರ ಸಭಾಂಗಣದಲ್ಲಿ ಭಾನುವಾರ ನಡೆದ ಹಳೆಯ ಆಟಿಕೆಗಳ ಸಂತೆಯಲ್ಲಿ ಇದನ್ನು 12 ಪೌಂಡಿಗೆ ಕೊಂಡೆ. ಪೆಟ್ಟಿಗೆ ಇರಲಿಲ್ಲ, ಡಿಕ್ಕಿಯ ಪೆಟ್ಟು ತಡೆಯಲು ಮುಂದೆ ಹಿಂದೆ ಇರುವ ಬಫರ್‌ಗಳಲ್ಲಿ ಒಂದು ಮುರಿದಿತ್ತು. ಪಕ್ಕದ ಮೇಜಿನಲ್ಲಿ ದುಬಾರಿ ಎಕ್ಸ್‌ಪ್ರೆಸ್ ಇಂಜಿನ್‌ಗಳು ಗಾಜಿನ ಕಪಾಟಿನೊಳಗೆ ಹೊಳೆಯುತ್ತಿದ್ದವು, ಅವುಗಳ ಮುಂದೆ ಜನ ಕಿಕ್ಕಿರಿದಿದ್ದರು. ನನಗೆ ಮಾರಿದ ಹಿರಿಯರು ಮಾತ್ರ 9 ವೋಲ್ಟಿನ ಬ್ಯಾಟರಿಯೊಂದಕ್ಕೆ ಎರಡು ತಂತಿ ಸುತ್ತಿಕೊಂಡು ಕುಳಿತಿದ್ದರು. ತಂತಿಯ ತುದಿಗಳನ್ನು ಎರಡು ಬದಿಯ ಗಾಲಿಗಳಿಗೆ ತಾಗಿಸಿ, ಮೋಟಾರು ತಿರುಗುವುದನ್ನು ತೋರಿಸಿದ ಮೇಲೆಯೇ ಅವರು ಹಣ ತೆಗೆದುಕೊಂಡದ್ದು.

ಆ ದಿನದಿಂದ ಇಂದಿನವರೆಗೆ ನನ್ನ ಬಳಿ ಮೂವತ್ತೊಂದು ಇಂಜಿನ್‌ಗಳು ಸೇರಿವೆ. ಬೆಂಗಳೂರಿಗೆ ಮರಳಿ ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದದ್ದೇ ಹೆಚ್ಚು. ಎಲ್ಲವೂ ಚಿಕ್ಕವು, ಯಾವುದಕ್ಕೂ ನಾಲ್ಕು ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟಿಲ್ಲ, ಮತ್ತು ಓಡದ ಇಂಜಿನ್ ಒಂದೂ ನನ್ನ ಕಪಾಟಿನಲ್ಲಿಲ್ಲ.

ಚಿಕ್ಕ ಇಂಜಿನ್ನೇ ಏಕೆ ಎಂದು ಕೇಳುವವರಿಗೆ ನಾನು ಮೊದಲು ಹಳಿಯ ಲೆಕ್ಕ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಮಾದರಿ ರೈಲುಗಳಿಗೆ ಹೆಚ್ಚು ಬಳಕೆಯಲ್ಲಿರುವ ಡಬಲ್ ಓ ಅಳತೆಯಲ್ಲಿ ಎಲ್ಲವೂ ನಿಜದ 76ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅಲ್ಲಿನ ಹಾರ್ನ್‌ಬಿ ಕಂಪನಿಯ ಮಾದರಿ ಹಳಿಗಳಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 371 ಮಿಲಿಮೀಟರ್. ದೊಡ್ಡ ಇಂಜಿನ್‌ಗಳು ಈ ತಿರುವಿನಲ್ಲಿ ಹಳಿ ತಪ್ಪುತ್ತವೆ, ಅವುಗಳಿಗೆ ಕನಿಷ್ಠ 438 ಮಿಲಿಮೀಟರಿನ ತಿರುವು ಬೇಕು, ನೋಡಲು ಚೆನ್ನಾಗಿರಬೇಕೆಂದರೆ ಇನ್ನೂ ಹೆಚ್ಚು. ನಾಲ್ಕು ಗಾಲಿಯ ಇಂಜಿನ್ನಿನ ಎರಡು ಅಚ್ಚುಗಳು ಹತ್ತಿರ ಹತ್ತಿರ ಇರುವುದರಿಂದ ಅದು 371ರ ತಿರುವಿನಲ್ಲಿ ಆರಾಮವಾಗಿ ಸುತ್ತುತ್ತದೆ. ಅಂದರೆ ನಮ್ಮ ಊಟದ ಮೇಜಿನ ಮೇಲೆ ಒಂದು ಪೂರ್ತಿ ವೃತ್ತ ಹಿಡಿಸುತ್ತದೆ. ನಿಜವಾದ ರೈಲ್ವೆಯಲ್ಲೂ ಇಂಥ ಇಂಜಿನ್‌ಗಳು ಹುಟ್ಟಿದ್ದು ಇದೇ ಕಾರಣಕ್ಕೆ. ಬಂದರು, ಕಾರ್ಖಾನೆ, ಕಲ್ಲಿದ್ದಲ ಗಣಿಗಳ ಅಂಗಳಗಳಲ್ಲಿ ಗೋಡೆಗಳ ನಡುವೆ ನುಸುಳುವ ಹಳಿಗಳ ಮೇಲೆ ದೊಡ್ಡ ಇಂಜಿನ್ ಹೋಗಲಾರದು. ನನ್ನ ಮೇಜಿನ ಮೇಲಿರುವುದು ಸ್ಕಾಟ್ಲೆಂಡಿನ ಕ್ಯಾಲೆಡೋನಿಯನ್ ರೈಲ್ವೆಯ ‘ಪಗ್’ ಎಂಬ ಷಂಟಿಂಗ್ ಇಂಜಿನ್ನಿನ, ಅಂದರೆ ಅಂಗಳದಲ್ಲಿ ವ್ಯಾಗನ್‌ಗಳನ್ನು ಅತ್ತಿತ್ತ ಸರಿಸಿ ಜೋಡಿಸುವ ಇಂಜಿನ್ನಿನ ಮಾದರಿ. ಹಾರ್ನ್‌ಬಿ ಕಂಪನಿ ಇದನ್ನು 56025 ಎಂಬ ಸಂಖ್ಯೆ ಬರೆದು, ತೊಟ್ಟಿಯ ಮೇಲೆ ‘ಸ್ಮೋಕಿ ಜೋ’ ಎಂಬ ಹೆಸರಿಟ್ಟು ದಶಕಗಳ ಕಾಲ ಮಾರಿದೆ. ಬ್ರಿಟನ್ನಿನ ಎಷ್ಟೋ ಮಕ್ಕಳ ಮೊದಲ ಇಂಜಿನ್ ಇದೇ.

ಅಗ್ಗದ ಇಂಜಿನ್‌ಗಳಿಗೆ ಗೌರವದ ಚರಿತ್ರೆಯೇ ಇದೆ. ಲೋಹದ ಪಟ್ಟಿಗಳನ್ನು ತಿರುಪಿನಿಂದ ಜೋಡಿಸಿ ಆಡುವ ಮೆಕ್ಯಾನೊ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ತಂದರು. 1938ರಲ್ಲಿ ಅವರ ಕಂಪನಿಯಿಂದ ಬಂದ ಹಾರ್ನ್‌ಬಿ ಡಬ್ಲೊ ರೈಲುಗಳು ಎರಕದ ಲೋಹದವು, ಗಟ್ಟಿಯಾದವು, ಬೆಲೆಯೂ ಹಾಗೆಯೇ. 1950ರ ದಶಕದಲ್ಲಿ ಟ್ರೈ-ಆಂಗ್ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಮೈಯ ರೈಲುಗಳು ಬಂದು ಸಾಮಾನ್ಯ ಮನೆಗಳನ್ನು ಸೇರಿದವು. ಕೊನೆಗೆ 1964ರಲ್ಲಿ ಟ್ರೈ-ಆಂಗ್‌ನ ಮಾಲೀಕರೇ ಮೆಕ್ಯಾನೊ ಕಂಪನಿಯನ್ನು ಕೊಂಡುಕೊಂಡರು. ಆ ಕಾಲದ ಟ್ರೈ-ಆಂಗ್ ‘ಜಿಂಟಿ’ ನನ್ನ ಬಳಿ ಎರಡಿವೆ. ನಿಜವಾದ ಜಿಂಟಿಗಳು 1924ರಿಂದ 1931ರ ನಡುವೆ 422 ತಯಾರಾಗಿದ್ದವು. ಆರು ಗಾಲಿಯ, ಯಾವ ಕೆಲಸಕ್ಕೂ ಒಲ್ಲೆನೆನ್ನದ ದುಡಿಮೆಗಾರ ಇಂಜಿನ್‌ಗಳು. ಅರವತ್ತು ವರ್ಷ ದಾಟಿದ ನನ್ನ ಎರಡು ಮಾದರಿಗಳೂ ಇಂದಿಗೂ ಓಡುತ್ತವೆ, ಏಕೆಂದರೆ ಅವುಗಳನ್ನು ಒಂದು ತಿರುಪಿನಿಂದ ಬಿಚ್ಚಬಹುದು, ಒಳಗಿರುವ ಪ್ರತಿಯೊಂದು ಭಾಗವನ್ನೂ ಕಣ್ಣಿನಿಂದ ನೋಡಿ ಅರ್ಥ ಮಾಡಿಕೊಳ್ಳಬಹುದು.

ಆದರೆ ಇಂಜಿನ್ ಓಡುವುದು ಬೇರೆ, ರೈಲಿನಂತೆ ಓಡುವುದು ಬೇರೆ. ಒಂದು ನಾಲ್ಕು ಗಾಲಿಯ ಇಂಜಿನ್ನನ್ನು ತಂದು ಮೊದಲ ದಿನ ವೃತ್ತದ ಮೇಲಿಟ್ಟು ಕರೆಂಟು ಕೊಟ್ಟಾಗ ಅದು ಮೂರು ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿತು. ವೃತ್ತದ ಸುತ್ತಳತೆ 2.33 ಮೀಟರ್. ಅದನ್ನು 76 ಪಟ್ಟು ಹಿಗ್ಗಿಸಿ ಲೆಕ್ಕ ಹಾಕಿದರೆ ಗಂಟೆಗೆ 210 ಕಿಲೋಮೀಟರಿಗೂ ಹೆಚ್ಚಾಗುತ್ತದೆ! ಬಂದರಿನ ಷಂಟಿಂಗ್ ಇಂಜಿನ್ ಗಂಟೆಗೆ 16 ಕಿಲೋಮೀಟರ್ ಓಡಿದರೆ ಅದೇ ಹೆಚ್ಚು. ಆ ವೇಗವನ್ನು 76ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ಆರು ಸೆಂಟಿಮೀಟರ್ ಬರುತ್ತದೆ, ಒಂದು ಸುತ್ತಿಗೆ 39 ಸೆಕೆಂಡು. ಮೂರು ಸೆಕೆಂಡಿನ ಸುತ್ತನ್ನು 39 ಸೆಕೆಂಡಿಗೆ ತರುವುದೇ ಈ ಹವ್ಯಾಸದ ತಿರುಳು ಎಂದು ನಾನು ನಂಬಿದ್ದೇನೆ. ಹಣ ಕೊಟ್ಟು ದೊಡ್ಡ ಇಂಜಿನ್ ಕೊಂಡವರಿಗೆ ಈ ನಿಧಾನ ಪೆಟ್ಟಿಗೆಯಲ್ಲೇ ಸಿದ್ಧವಾಗಿ ಬರುತ್ತದೆ. ಅಗ್ಗದ ಇಂಜಿನ್ನಿಗೆ ಅದನ್ನು ನಾವು ಕೈಯಾರೆ ಕಲಿಸಬೇಕು, ಮತ್ತು ಹಾಗೆ ಕಲಿಸಿದ ಇಂಜಿನ್ ನಮ್ಮದು ಎನಿಸುವಷ್ಟು ಬೇರಾವುದೂ ಎನಿಸುವುದಿಲ್ಲ.

ಕೆಲಸ ಶುರುವಾಗುವುದು ಗಾಲಿಯ ಕೊಳೆಯಿಂದ, ಏಕೆಂದರೆ ಹಳಿಯಲ್ಲಿರುವ ಕರೆಂಟು ಮೋಟಾರಿಗೆ ಬರುವುದು ಗಾಲಿಗಳ ಮೂಲಕವೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿದ ತೆಳುವಾದ ಟಿಶ್ಯೂ ಕಾಗದವನ್ನು ಹಳಿಗಳಿಗೆ ಅಡ್ಡಲಾಗಿ ಹಾಸಿ, ಒಂದು ಜೊತೆ ಗಾಲಿ ಕಾಗದದ ಮೇಲೆ, ಇನ್ನೊಂದು ಜೊತೆ ಬರಿಯ ಹಳಿಯ ಮೇಲೆ ಇರುವಂತೆ ಇಂಜಿನ್ನನ್ನು ಹಿಡಿದು ಕರೆಂಟು ಕೊಟ್ಟರೆ, ಗಾಲಿಗಳು ಕಾಗದದ ಮೇಲೆ ತಿರುಗುತ್ತ ಎರಡು ಕಪ್ಪು ಗೆರೆಗಳನ್ನು ಬಿಡುತ್ತವೆ. ಗೆರೆಗಳು ಮೂಡುವುದು ನಿಂತಾಗ ಗಾಲಿ ಶುದ್ಧವಾಯಿತೆಂದು ತಿಳಿಯಬೇಕು. ಮೊದಲ ಸಲ ಆ ಕಪ್ಪು ಬಣ್ಣ ನೋಡಿದಾಗ, ಇಷ್ಟು ಕೊಳೆಯ ಮೂಲಕ ಕರೆಂಟು ಹಾಯ್ದು ಬರುತ್ತಿತ್ತೇ ಎಂದು ನನಗೆ ಆಶ್ಚರ್ಯವಾಗಿತ್ತು.

ಜಿಂಟಿಯಂಥ ಹಳೆಯ ಇಂಜಿನ್‌ಗಳಲ್ಲಿರುವ ಎಕ್ಸ್04 ಮೋಟಾರನ್ನು ಬಿಚ್ಚುವಾಗ ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್‌ಗಳೆರಡನ್ನೂ ಆ ಭಾಗದ ತುದಿಯ ತಾಮ್ರದ ಉರುಳೆಯಾದ ಕಮ್ಯುಟೇಟರಿಗೆ ಒತ್ತಿ ಹಿಡಿಯುವುದು ಕೂದಲಿನ ಪಿನ್ನಿನಂತೆ ಬಾಗಿದ ಒಂದೇ ಸ್ಪ್ರಿಂಗ್. ಅದರ ಒಂದು ಕಾಲಿಗೆ ಮಾತ್ರ ಅಕ್ಕಿಕಾಳಿನಷ್ಟು ಚಿಕ್ಕ ಕೊಳವೆಯೊಂದನ್ನು ತೊಡಿಸಿರುತ್ತಾರೆ. ಒಂದು ಬ್ರಷ್ ಇಂಜಿನ್ನಿನ ಲೋಹದ ಚಾಸಿಗೆ ಸೇರಿರುವುದರಿಂದ, ಇನ್ನೊಂದನ್ನು ಅದರಿಂದ ಬೇರ್ಪಡಿಸುವುದು ಆ ಕೊಳವೆಯೇ. ಅದು ಕಳೆದುಹೋದರೆ ಅಥವಾ ಸ್ಪ್ರಿಂಗನ್ನು ತಿರುಗುಮುರುಗಾಗಿ ಹಾಕಿದರೆ ನೇರವಾಗಿ ಷಾರ್ಟ್ ಆಗುತ್ತದೆ. ನಾನು ಒಮ್ಮೆ ಕೊಳವೆಯನ್ನು ನೆಲದ ಮೇಲೆ ಬೀಳಿಸಿ, ಅರ್ಧ ಗಂಟೆ ಟಾರ್ಚ್ ಹಿಡಿದು ಹುಡುಕಿ ಸಿಗದೆ, ತೆಳುವಾದ ವೈರಿನ ಸಿಪ್ಪೆ ಸುಲಿದು ತೊಡಿಸಿದ್ದೇನೆ. ಅದು ಇಂದಿಗೂ ಕೆಲಸ ಮಾಡುತ್ತಿದೆ. ಎರಡನೆಯದು ಅಯಸ್ಕಾಂತ. ಅಗತ್ಯವಿಲ್ಲದೆ ಅದನ್ನು ಮೋಟಾರಿನಿಂದ ಹೊರತೆಗೆಯಬಾರದು. ತೆಗೆಯಲೇಬೇಕಾದರೆ ತಕ್ಷಣ ಒಂದು ಕಬ್ಬಿಣದ ತುಂಡಿಗೆ ಅಂಟಿಸಿಡಬೇಕು, ಇಲ್ಲವಾದರೆ ಹಳೆಯ ಅಯಸ್ಕಾಂತಗಳು ಬಲ ಕಳೆದುಕೊಳ್ಳುತ್ತವೆ. ಬಲ ಕುಂದಿದ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸುಸ್ತಾಗುತ್ತದೆ. ಎಣ್ಣೆಯಂತೂ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಸಾಕು.

ನಾಲ್ಕು ಗಾಲಿಯ ಇಂಜಿನ್ನಿನ ದೊಡ್ಡ ಸಂಕಟ ಇರುವುದು ಪಾಯಿಂಟಿನಲ್ಲಿ, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಹಳಿಗಳು ಒಂದನ್ನೊಂದು ಅಡ್ಡ ಹಾಯುವ ಜಾಗವನ್ನು ಅಗ್ಗದ ಪಾಯಿಂಟುಗಳಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಉದ್ದನೆಯ ಇಂಜಿನ್ ಅಲ್ಲಿ ಬೇರೆ ಗಾಲಿಗಳಿಂದ ಕರೆಂಟು ಪಡೆದು ದಾಟಿಬಿಡುತ್ತದೆ. ಚಿಕ್ಕದು ನಿಧಾನವಾಗಿ ಬಂದರೆ ಅಲ್ಲೇ ಸತ್ತಂತೆ ನಿಲ್ಲುತ್ತದೆ. ವೇಗವಾಗಿ ಓಡಿಸಿ ದಾಟಿಸುವುದನ್ನು ನಾನು ಸೋಲೆಂದೇ ಎಣಿಸುತ್ತೇನೆ. ನಾನು ಕಂಡುಕೊಂಡ ದಾರಿ ಇದು: ಇಂಜಿನ್ನಿನ ಹಿಂದೆ ಲೋಹದ ಗಾಲಿಗಳ ಒಂದು ವ್ಯಾಗನ್ನನ್ನು ಕಾಯಂ ಆಗಿ ಜೋಡಿಸಿ, ಅದರ ಗಾಲಿಗಳ ಬೆನ್ನಿಗೆ ತಾಗುವಂತೆ ಫಾಸ್ಫರ್ ಬ್ರಾಂಜ್ ತಂತಿಗಳನ್ನು ಬೆಸೆದು, ಅಲ್ಲಿಂದ ಎರಡು ತೆಳು ವೈರುಗಳನ್ನು ಮೋಟಾರಿಗೆ ಎಳೆಯುವುದು. ಆಗ ನಾಲ್ಕರ ಬದಲು ಎಂಟು ಗಾಲಿಗಳಿಂದ ಕರೆಂಟು ಬರುತ್ತದೆ. ತೊಟ್ಟಿಯೊಳಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಅಂಟಿಸಿ ತೂಕ ಹೆಚ್ಚಿಸಿದರೆ ಗಾಲಿಗಳು ಹಳಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ.

ಇನ್ನು ಕಂಟ್ರೋಲರ್. ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದು 12 ವೋಲ್ಟಿನ ಅಡಾಪ್ಟರ್, ಮೋಟಾರಿನ ವೇಗ ನಿಯಂತ್ರಿಸುವ ಒಂದು ಚಿಕ್ಕ ಬೋರ್ಡು, ದಿಕ್ಕು ಬದಲಿಸಲು ಆರು ಕಾಲಿನ ಸ್ವಿಚ್ಚು, ಮೂರನ್ನೂ ತಂದು ಹಳೆಯ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಕೂರಿಸಿದೆ. ಆ ಬೋರ್ಡು ವೋಲ್ಟೇಜನ್ನು ಇಳಿಸುವುದಿಲ್ಲ; ಪೂರ್ತಿ 12 ವೋಲ್ಟನ್ನೇ ಚಿಕ್ಕ ಚಿಕ್ಕ ತುಣುಕುಗಳಾಗಿ ಕೊಡುತ್ತದೆ. ಪ್ರತಿ ತುಣುಕೂ ಮೋಟಾರನ್ನು ಒಂದಿಷ್ಟು ತಳ್ಳುವುದರಿಂದ, ಕಡಿಮೆ ವೋಲ್ಟೇಜಿನಲ್ಲಿ ಮುಗ್ಗರಿಸುತ್ತಿದ್ದ ಇಂಜಿನ್ ಈಗ ತೆವಳುತ್ತ ಹೊರಡುತ್ತದೆ. ಹಳಿಗಳನ್ನು ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಹಳೆಯ ಉಕ್ಕಿನ ಹಳಿಗಳು ನಮ್ಮ ಮಳೆಗಾಲದಲ್ಲಿ ಒಂದೇ ತಿಂಗಳಿಗೆ ತುಕ್ಕು ಹಿಡಿದವು. ನಿಕಲ್ ಸಿಲ್ವರ್ ಹಳಿಗಳಿಗೆ ಆ ತೊಂದರೆ ಇಲ್ಲ.

ಕೊಳ್ಳುವಾಗ ನಾನೂ ಮೋಸಹೋಗಿದ್ದೇನೆ. ಒಮ್ಮೆ ಫೋಟೋದಲ್ಲಿ ಹೊಚ್ಚಹೊಸದರಂತೆ ಕಂಡ ಇಂಜಿನ್ನೊಂದನ್ನು ತರಿಸಿಕೊಂಡು ಮೈ ಬಿಚ್ಚಿದರೆ, ಒಳಗಿನ ಚಾಸಿ ಒಣಗಿದ ಬೆಲ್ಲದ ಅಚ್ಚಿನಂತೆ ಬಿರುಕು ಬಿಟ್ಟು ಬೆರಳಿನಲ್ಲಿ ಪುಡಿಯಾಯಿತು. ಎರಕದ ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದರೆ ಲೋಹ ವರ್ಷಗಳು ಕಳೆದಂತೆ ಒಳಗೊಳಗೇ ಉಬ್ಬಿ ಒಡೆಯುತ್ತದೆ, ಅದಕ್ಕೆ ಮದ್ದಿಲ್ಲ. ಈಗ ಚಾಸಿಯ ತಳದ ಫೋಟೋ ಕಳಿಸದವರಿಂದ ನಾನು ಕೊಳ್ಳುವುದಿಲ್ಲ. ಹಳೆಯ ಇಂಜಿನ್ನಿನ ಗಾಲಿಯನ್ನು ಕೈಯಿಂದ ತಿರುಗಿಸಿ ಪರೀಕ್ಷಿಸುವುದೂ ತಪ್ಪು, ಏಕೆಂದರೆ ಮೋಟಾರಿನ ತಿರುಗಾಟವನ್ನು ಗಾಲಿಗೆ ಮುಟ್ಟಿಸುವ ತಿರುಪಿನಾಕಾರದ ವರ್ಮ್ ಗಿಯರ್ ಮೋಟಾರಿನ ಕಡೆಯಿಂದ ಮಾತ್ರ ತಿರುಗುತ್ತದೆ. ಗಾಲಿಯನ್ನು ಒತ್ತಾಯಿಸಿದರೆ ಹಲ್ಲು ಹೋಗುತ್ತದೆ. ಲೆಸ್ಟರಿನ ಆ ಹಿರಿಯರಂತೆ ಬ್ಯಾಟರಿ ಒಯ್ಯುವುದೇ ಸರಿ.

ಇಷ್ಟೆಲ್ಲ ಮಾಡಿ ಬರಿಯ ವೃತ್ತದಲ್ಲಿ ಸುತ್ತಿಸಿದರೆ ಬೇಸರ ಬರುವುದಿಲ್ಲವೇ ಎಂದರೆ, ಬರುತ್ತದೆ. ಅದಕ್ಕೇ ಗೋಡೆಯ ಬದಿಯ ಹಲಗೆಯ ಮೇಲೆ ಅಲನ್ ರೈಟ್ ಎಂಬ ಬ್ರಿಟಿಷ್ ಹವ್ಯಾಸಿ ರೂಪಿಸಿದ ‘ಇಂಗಲ್‌ನೂಕ್’ ಷಂಟಿಂಗ್ ಅಂಗಳವನ್ನು ಹಾಕಿದ್ದೇನೆ. ಎರಡೇ ಪಾಯಿಂಟು, ಮೂರು ಕವಲು ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಳೆದುಕೊಂಡು ಹಿಂದೆ ಸರಿಯುವ ಹಳಿಯಲ್ಲಿ ಇಂಜಿನ್ ಮತ್ತು ಮೂರು ವ್ಯಾಗನ್. ಅಂಗಳದಲ್ಲಿ ಎಂಟು ವ್ಯಾಗನ್‌ಗಳಿರುತ್ತವೆ. ನನ್ನ ಮಗಳು ಎಂಟು ಚೀಟಿಗಳಲ್ಲಿ ಐದನ್ನು ಎತ್ತುತ್ತಾಳೆ. ಅವು ಬಂದ ಕ್ರಮದಲ್ಲೇ ಐದು ವ್ಯಾಗನ್‌ಗಳ ಗೂಡ್ಸ್ ಗಾಡಿಯನ್ನು ಕಟ್ಟಬೇಕು. ಅಂಥ ಕ್ರಮಗಳು 6,720 ಇವೆ, ಆದ್ದರಿಂದ ನಿನ್ನೆಯ ಆಟ ಇಂದು ಬರುವುದಿಲ್ಲ. ಹನ್ನೊಂದು ವರ್ಷದ ಅವಳು ನನಗಿಂತ ಕಡಿಮೆ ಚಲನೆಗಳಲ್ಲಿ ಮುಗಿಸುತ್ತಾಳೆ. ಇಲ್ಲಿ ಗಾಜಿನ ಕಪಾಟಿನ ಎಕ್ಸ್‌ಪ್ರೆಸ್ಸಿಗೆ ಕೆಲಸವಿಲ್ಲ, ಅದು ಹಲಗೆಯ ಮೇಲೆ ಹಿಡಿಸುವುದೂ ಇಲ್ಲ.

ಕಳೆದ ವರ್ಷದಿಂದ ನನ್ನನ್ನು ಹಿಡಿದಿರುವುದು ಇನ್ನೂ ಚಿಕ್ಕ ಅಳತೆ. ಎನ್ ಗೇಜಿನ ಹಳಿಗಳ ಅಂತರ 9 ಮಿಲಿಮೀಟರ್. ಮಾದರಿ ರೈಲುಗಳ ಇನ್ನೊಂದು ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ; ಆ ಲೆಕ್ಕದಲ್ಲಿ ಇದನ್ನು 87 ಪಟ್ಟು ಹಿಗ್ಗಿಸಿದರೆ 783 ಮಿಲಿಮೀಟರ್ ಬರುತ್ತದೆ, ಯಲಹಂಕದಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುತ್ತಿದ್ದ 762 ಮಿಲಿಮೀಟರಿನ ಸಣ್ಣ ಗೇಜಿಗೆ ಬಹಳ ಹತ್ತಿರ. ಅಂದರೆ, ಜಪಾನಿನ ಕಾಟೋ ಕಂಪನಿಯ ಪಾಕೆಟ್ ಲೈನ್ ಸರಣಿಯಂಥ ಅಗ್ಗದ ಪುಟ್ಟ ಚಾಸಿಯ ಮೇಲೆ 87ರ ಅಳತೆಯ ಮೈ ಕೂರಿಸಿದರೆ ನಮ್ಮ ಬಯಲುಸೀಮೆಯ ರೈಲು ಕಣ್ಣೆದುರಿಗೆ ಬರುತ್ತದೆ. ಬ್ರಾಡ್‌ಗೇಜ್ ಬಂದ ಮೇಲೆ ಆ ಹಳಿಗಳೇ ಇಲ್ಲವಾದವು. ನಾನು ಚಿಕ್ಕವನಿದ್ದಾಗ ಅಮ್ಮನೊಂದಿಗೆ ಚಿಂತಾಮಣಿಯ ಅಜ್ಜಿಯ ಮನೆಗೆ ಹೋಗುತ್ತಿದ್ದುದು ಆ ಗಾಡಿಯಲ್ಲೇ. ದಪ್ಪನೆಯ ಹಳೆಯ ಮದುವೆ ಆಹ್ವಾನ ಪತ್ರಿಕೆಗಳನ್ನು ಕತ್ತರಿಸಿ ಎರಡು ಡಬ್ಬಿಗಳನ್ನು ಮಾಡಿದ್ದೇನೆ. ಒಳಬದಿಯಲ್ಲಿ ಇನ್ನೂ ಮುಹೂರ್ತದ ಅಕ್ಷರಗಳು ಕಾಣುತ್ತವೆ.

ಇಂಜಿನ್ನಿನ ಮೈ ಇನ್ನೂ ಅರ್ಧಕ್ಕಿದೆ, ಚಿಮಣಿಗೆ ಪೆನ್ನಿನ ರೀಫಿಲ್ಲಿನ ತುಂಡನ್ನು ಸದ್ಯಕ್ಕೆ ಸಿಕ್ಕಿಸಿದ್ದೇನೆ. ಹಾಗೆಯೇ ಇರಲೆಂದು ಕಳೆದ ಭಾನುವಾರ ಎರಡೂ ಡಬ್ಬಿಗಳನ್ನು ಜೋಡಿಸಿ ಓಡಿಸಿದೆ. ಗಂಟೆಗೆ 20 ಕಿಲೋಮೀಟರ್ ಎಂದುಕೊಂಡು 87ರಿಂದ ಭಾಗಿಸಿದರೆ ಇಲ್ಲಿಯೂ ಸೆಕೆಂಡಿಗೆ ಆರು ಸೆಂಟಿಮೀಟರಿಗೆ ತುಸು ಹೆಚ್ಚು; ಸ್ಕೇಲು, ಗಡಿಯಾರ ಇಟ್ಟುಕೊಂಡು ಅಷ್ಟಕ್ಕೇ ಹೊಂದಿಸಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು, ಕುರ್ಚಿ ಎಳೆದು ಕುಳಿತು, ಮೂರು ಸುತ್ತು ಸುಮ್ಮನೆ ನೋಡಿದರು. ಆಮೇಲೆ, “ನಂದಿ ಹತ್ತಿರ ಬರುವಾಗ ಇದಕ್ಕಿಂತ ನಿಧಾನವಾಗಿ ಹೋಗ್ತಿತ್ತು ಕಣೋ,” ಎಂದರು. ನಾನು ನಾಬನ್ನು ಇನ್ನೊಂದು ಎಳ್ಳಿನಷ್ಟು ಹಿಂದಕ್ಕೆ ತಿರುಗಿಸಿದೆ. ಗಾಡಿ ನಿಲ್ಲಲಿಲ್ಲ.