ಡಿಸ್ಚಾರ್ಜ್ ಆದ ದಿನ ಸಂಜೆ

14 ನವೆಂಬರ್ 2024, ಗುರುವಾರ

ಇವತ್ತಿನ ಕಲಿಕಾ ಸಭೆಯ ಮೊದಲರ್ಧ ಪರಿಚಯಕ್ಕೂ ಅಳಲಿಗೂ ಖರ್ಚಾಯಿತು. ಮನೋವೈದ್ಯಕೀಯ ವಾರ್ಡಿನವರು ಹಾಸಿಗೆ ಸಾಲುತ್ತಿಲ್ಲ ಎಂದರು. ವಸತಿ ಕಚೇರಿಯವರು ವಿಲೇವಾರಿಯಾಗದ ಅರ್ಜಿಗಳ ಲೆಕ್ಕ ಒಪ್ಪಿಸಿದರು. ಮನೆಯಿಲ್ಲದವರಿಗಾಗಿ ರಾತ್ರಿ ತಂಗುದಾಣ ನಡೆಸುವವರಿಗೆ ಈ ಇಬ್ಬರ ಮೇಲೂ ಸಿಟ್ಟು. ಇಂಥ ಸಭೆಗಳಲ್ಲಿ ನನಗೆ ಸಾಮಾನ್ಯವಾಗಿ ಈ ಹೊತ್ತಿಗೆ ಆಕಳಿಕೆ ಶುರುವಾಗಿರುತ್ತದೆ.

ಆಗ, ಹಿಂದೆ ತಂಗುದಾಣಗಳಲ್ಲಿದ್ದು ಈಗ ಬಾಡಿಗೆ ಮನೆಯಲ್ಲಿರುವ ಮಹಿಳೆಯೊಬ್ಬರು ಕೇಳಿದರು: “ವಾರ್ಡಿನಿಂದ ಬಿಡುಗಡೆಯಾದವರು ಅದೇ ದಿನ ಸಂಜೆ ಎಲ್ಲಿರುತ್ತಾರೆ? ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?”

ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಕಡತ ಮಧ್ಯಾಹ್ನಕ್ಕೇ ಮುಚ್ಚಿರುತ್ತದೆ. ತಂಗುದಾಣದ ರಿಜಿಸ್ಟರು ತೆರೆಯುವುದು ಕತ್ತಲಾದ ಮೇಲೆ. ವಸತಿ ಅರ್ಜಿಗೆ ಉತ್ತರ ಬರಬೇಕಾದರೆ ಒಂದು ವಿಳಾಸ ಬೇಕು. ವಿಳಾಸ ಇಲ್ಲವೆಂದೇ ಅಲ್ಲವೇ ಆ ಅರ್ಜಿ ಹಾಕಿದ್ದು! ಮೂರೂ ಕಡೆಯವರು ತಮ್ಮ ಕೆಲಸವನ್ನು ನಿಯಮದಂತೆ ಮುಗಿಸಿದ್ದರು. ನಡುವಿನ ಆ ಕೆಲವು ಗಂಟೆಗಳು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ಆ ಮಹಿಳೆ ಮಾತ್ರೆಗಳ ವಿಷಯವನ್ನೂ ಎತ್ತಿದರು. ಮನೋರೋಗಕ್ಕೆ ಕೊಡುವ ಹಲವು ಔಷಧಿಗಳು ನಿದ್ದೆ ಬರಿಸುತ್ತವೆ. ಬಾಗಿಲಿಗೆ ಚಿಲಕವಿರುವ ಮನೆಯಲ್ಲಿ ಅದು ದೊಡ್ಡ ತೊಂದರೆಯಲ್ಲ. ಬಯಲಲ್ಲಿ ಮಲಗುವವರಿಗೆ, ಅದರಲ್ಲೂ ಹೆಂಗಸರಿಗೆ, ಗಾಢ ನಿದ್ದೆಯೆಂದರೆ ಅಪಾಯ. ಹಾಗಾಗಿ ಮಾತ್ರೆ ಬಿಟ್ಟು ಎಚ್ಚರವಾಗಿರುತ್ತಾರೆ. ಮುಂದಿನ ಸಲ ವಾರ್ಡಿಗೆ ಬಂದಾಗ ಕಡತದಲ್ಲಿ ‘ಔಷಧಿ ನಿರಾಕರಿಸಿದ್ದಾರೆ’ ಎಂದು ಬರೆಯಲಾಗುತ್ತದೆ. ವಾರ್ಡಿನ ನರ್ಸ್ ಪೆನ್ನು ಕೆಳಗಿಟ್ಟು, “ಇದನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ, ಎಲ್ಲಿ ಮಲಗುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ” ಎಂದರು. ಮೊದಲರ್ಧದಲ್ಲಿ ಆದ ಒಟ್ಟು ಕಲಿಕೆಗಿಂತ ಆ ಒಂದು ಮಾತಿನಲ್ಲಿ ಹೆಚ್ಚು ಇತ್ತು.

ಮನೆಗೆ ಬಂದು ಹಳೆಯ ಟಿಪ್ಪಣಿಗಳನ್ನು ತೆಗೆದೆ. ಈ ನಡುವಿನ ಹೊತ್ತಿನ ಮೇಲೆಯೇ ಕಣ್ಣಿಟ್ಟು ನ್ಯೂಯಾರ್ಕಿನಲ್ಲಿ ಮನೋವೈದ್ಯ ಎಜ್ರಾ ಸಸ್ಸರ್ ಮತ್ತು ಸಂಗಡಿಗರು ರೂಪಿಸಿದ ಒಂದು ಕ್ರಮವಿದೆ. ಅದರ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 1997ರಲ್ಲಿ. ತಂಗುದಾಣದಿಂದ ಮನೆಗೆ ಹೋಗುತ್ತಿದ್ದ, ತೀವ್ರ ಮಾನಸಿಕ ಕಾಯಿಲೆಯಿದ್ದ 96 ಗಂಡಸರು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ಒಂಬತ್ತು ತಿಂಗಳ ಮಟ್ಟಿಗೆ ಜೊತೆಗೊಬ್ಬ ಕಾರ್ಯಕರ್ತ. ಆತ ಅವರನ್ನು ತಂಗುದಾಣದಲ್ಲಿದ್ದಾಗಲೇ ಬಲ್ಲವನು. ಮೊದಲ ತಿಂಗಳುಗಳಲ್ಲಿ ಮನೆಗೇ ಹೋಗಿ ಕಾಣುತ್ತಿದ್ದ, ಆಮೇಲೆ ಕುಟುಂಬ, ಚಿಕಿತ್ಸಾಲಯ, ನೆರೆಹೊರೆಯವರ ಕೈಗೆ ಹೊಣೆ ದಾಟಿಸಿ ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಹದಿನೆಂಟು ತಿಂಗಳಲ್ಲಿ ಇವರು ಸರಾಸರಿ 30 ರಾತ್ರಿ ಮನೆಯಿಲ್ಲದೆ ಕಳೆದರು. ಮಾಮೂಲಿ ಸೇವೆ ಪಡೆದವರಿಗೆ ಅದು 91 ರಾತ್ರಿ. ಹೊಸ ಔಷಧಿಯೇನೂ ಇರಲಿಲ್ಲ ಅದರಲ್ಲಿ. ಪರಿಚಯದ ಒಂದು ಮುಖ ಇತ್ತು, ಅಷ್ಟೇ.

ಸಭೆಗೆ ಮರಳುತ್ತೇನೆ. ಜಗಳ ಆದದ್ದು ಇನ್ನೊಂದು ವಿಷಯಕ್ಕೆ. ತಂಗುದಾಣದ ಹಿರಿಯರೊಬ್ಬರು, ಕುಡಿತ ಬಿಡದವರಿಗೆ, ಚಿಕಿತ್ಸೆಗೆ ಒಪ್ಪದವರಿಗೆ ಮನೆ ಕೊಟ್ಟರೆ ಅದು ಉಳಿಯುವುದಿಲ್ಲ ಎಂದು ಪಟ್ಟು ಹಿಡಿದರು. ಬಹುಕಾಲ ಎಲ್ಲೆಡೆ ನಡೆದುಬಂದದ್ದೂ ಇದೇ: ಮೊದಲು ಚಿಕಿತ್ಸೆ, ಆಮೇಲೆ ಸಾಮೂಹಿಕ ವಸತಿ, ಯೋಗ್ಯತೆ ತೋರಿಸಿದ ಮೇಲೆ ಸ್ವಂತ ಕೋಣೆ. 1992ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ನ್ಯೂಯಾರ್ಕಿನಲ್ಲಿ ಇದನ್ನು ತಲೆಕೆಳಗು ಮಾಡಿದರು. ಬೀಗದ ಕೈ ಮೊದಲು. ಉಳಿದದ್ದು ಆ ಮನುಷ್ಯ ಬಯಸಿದಾಗ, ಬಯಸಿದಷ್ಟು. ಕೆನಡಾ ಇದನ್ನು 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಸುಮಾರು ಎರಡು ಸಾವಿರ ಜನರೊಂದಿಗೆ ಪರೀಕ್ಷಿಸಿತು. ಕೊನೆಯ ಆರು ತಿಂಗಳಲ್ಲಿ ಪೂರ್ತಿ ಅವಧಿ ಮನೆಯಲ್ಲೇ ಇದ್ದವರು ಈ ಕ್ರಮದಲ್ಲಿ 62 ಪ್ರತಿಶತ, ಮಾಮೂಲಿ ಸೇವೆಗಳಲ್ಲಿ 31. ಫಿನ್‌ಲ್ಯಾಂಡ್ 2008ರಿಂದ ಇದನ್ನು ರಾಷ್ಟ್ರೀಯ ನೀತಿಯಾಗಿಸಿ, ತಂಗುದಾಣಗಳನ್ನೇ ಸ್ವಂತ ಹೆಸರಿನ ಬಾಡಿಗೆ ಕರಾರಿರುವ ಮನೆಗಳಾಗಿ ಬದಲಿಸುತ್ತ ಬಂದಿದೆ.

ಈ ಅಂಕಿಗಳನ್ನು ಹೇಳಿದಾಗ ಹಿರಿಯರು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಅವರಲ್ಲಿ ಕಾರಣವೂ ಇತ್ತು. ಮನೆ ಸಿಕ್ಕ ಒಬ್ಬ ಯುವಕ ಮಾತನಾಡಲು ಯಾರೂ ಇಲ್ಲವೆಂದು ಕೆಲವೇ ವಾರಗಳಲ್ಲಿ ತಂಗುದಾಣದ ಜಗಲಿಗೆ ಹಿಂದಿರುಗಿದ್ದನ್ನು ಅವರು ಕಂಡಿದ್ದಾರೆ. ಕೆನಡಾದ ಪ್ರಯೋಗವೂ ಇದನ್ನು ಮುಚ್ಚಿಡುವುದಿಲ್ಲ. ಮನೆ ಉಳಿಸಿಕೊಳ್ಳುವುದರಲ್ಲಿ ಅಷ್ಟು ಅಂತರ ಕಂಡರೂ ಕಾಯಿಲೆಯ ಲಕ್ಷಣಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇಳಿದವು. ಮನೆ ಮದ್ದಲ್ಲ. ಆದರೆ ಮದ್ದಲ್ಲ ಎಂಬ ಕಾರಣಕ್ಕೆ ಮನೆ ತಡೆಹಿಡಿಯುವುದು ನನಗೆ ಅರ್ಥವಾಗದ ತರ್ಕ. ಕೆಲಸಕ್ಕೆ ಹೋಗುವ, ಸಂಜೆ ಕುಡಿಯುವ, ಆಗಾಗ ಮನಸ್ಸು ಕುಸಿಯುವ ಎಷ್ಟೋ ಜನ ಬಾಡಿಗೆ ಕಟ್ಟಿಕೊಂಡು ಮನೆಯಲ್ಲಿದ್ದಾರೆ. ಅವರ ಯೋಗ್ಯತೆಯನ್ನು ನಾವು ಪರೀಕ್ಷಿಸಲು ಹೋಗುವುದಿಲ್ಲವಲ್ಲ.

ಇನ್ನೊಂದು ಮಾತು, ಸಭೆಯಲ್ಲಿ ಹೇಳಿದೆ, ಇಲ್ಲಿಯೂ ಬರೆದಿಡುತ್ತೇನೆ. ಅಲ್ಲಿ ಕುಳಿತಿದ್ದ ಅಧಿಕಾರಿಗಳಿಗೆ ಆ ಮಧ್ಯಾಹ್ನಕ್ಕೆ ಸಂಬಳವಿತ್ತು. ಪ್ರಶ್ನೆ ಕೇಳಿದ ಮಹಿಳೆ ದಿನಗೂಲಿ ಬಿಟ್ಟು ಬಂದಿದ್ದರು. ಅವರಿಗೆ ಪ್ರಮಾಣಪತ್ರ ಕೊಡೋಣ ಎಂದು ಒಬ್ಬರು ಉತ್ಸಾಹದಿಂದ ಸೂಚಿಸಿದರು! ಗೌರವಧನ ಕೊಡಿ, ಮುಂದಿನ ಸಭೆಯ ವಿಷಯಪಟ್ಟಿಯನ್ನೂ ಅವರೇ ಬರೆಯಲಿ ಎಂದೆ. ಎರಡನೆಯದಕ್ಕೆ ತಕ್ಷಣ ಒಪ್ಪಿಗೆ ಸಿಕ್ಕಿತು, ಅದಕ್ಕೆ ಹಣ ಬೇಕಿಲ್ಲ ನೋಡಿ. ಮೊದಲನೆಯದನ್ನು ‘ಪರಿಶೀಲಿಸುತ್ತಾರಂತೆ’.

ಕೊನೆಗೆ ಒಂದು ಸಣ್ಣ ಕೆಲಸ ಗಟ್ಟಿಯಾಯಿತು. ಬಿಡುಗಡೆಗೆ ಮುನ್ನವೇ ವಾರ್ಡಿಗೆ ತಂಗುದಾಣದ ಒಬ್ಬರು ಮತ್ತು ವಸತಿ ಕಚೇರಿಯ ಒಬ್ಬರು ಹೋಗಿ ಆ ವ್ಯಕ್ತಿಯನ್ನು ಮುಖತಃ ಕಾಣಬೇಕು. ಒಂದು ಪುಟದ ಹಾಳೆಯಲ್ಲಿ ಅಂದು ರಾತ್ರಿ ಎಲ್ಲಿ, ಮಾತ್ರೆ ಯಾರ ಬಳಿ, ಮರುದಿನ ಯಾರು ಕಾಣುತ್ತಾರೆ ಎಂಬುದಿರಬೇಕು. ಹಾಳೆ ಆ ವ್ಯಕ್ತಿಯ ಕೈಯಲ್ಲೇ ಇರುತ್ತದೆ, ಯಾರಿಗೆ ತೋರಿಸಬೇಕು ಎಂಬುದು ಅವರ ಇಷ್ಟ. ರೋಗದ ಹೆಸರು ಅದರಲ್ಲಿ ಬೇಡ ಎಂದು ಆ ಮಹಿಳೆಯೇ ಹಟ ಹಿಡಿದರು: “ಮನೆ ಮಾಲೀಕರು ಅದನ್ನು ಓದಿದರೆ ಮನೆ ಹೋಯಿತು.” ವೈದ್ಯರು ತುಸು ಗೊಣಗಿ ಒಪ್ಪಿದರು.

ಶನಿವಾರ ಭಾನುವಾರಗಳ ಬಿಡುಗಡೆಗೆ ಏನು ಮಾಡುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಸತಿ ಕಚೇರಿಗೆ ಆ ಎರಡು ದಿನ ರಜೆ.