ನೆಲಮಾಳಿಗೆಯಲ್ಲಿ ಬಿಯರ್ ಹಳೇದು ಮಾಡೋದು

ಬಿಯರ್ ಅಂದರೆ ನಮ್ಮ ಕಡೆ ಕೇಳೋದು ಒಂದೇ ಪ್ರಶ್ನೆ, ಚಿಲ್ಡ್ ಇದೆಯಾ? ಬೆಲ್ಜಿಯಂನ ಕೆಲವು ಕೆಫೆಗಳಲ್ಲಿ ಪ್ರಶ್ನೆಯೇ ಬೇರೆ. ಓರ್ವಾಲ್ ಅನ್ನೋ ಬಿಯರ್ ಹೇಳಿದರೆ, ಎಳೇದು ಕೊಡಲಾ ಹಳೇದು ಕೊಡಲಾ ಅಂತ ಕೇಳುತ್ತಾರೆ. ಹಳೇದಕ್ಕೆ ದುಡ್ಡು ಸ್ವಲ್ಪ ಜಾಸ್ತಿ. ನಮ್ಮೂರ ಬಾರಿನಲ್ಲಿ ಹಳೇ ಸ್ಟಾಕಿಗೆ ಜಾಸ್ತಿ ಕಾಸು ಕೇಳಿದರೆ ಟೇಬಲ್ ಮಗುಚಿ ಬೀಳುತ್ತದೆ, ಅಲ್ವಾ?

ನಾವಿರೋದು ಲೂವೆನ್‌ನಲ್ಲಿ, ಬ್ರಸೆಲ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. 1425ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇಲ್ಲಿದೆ, ಚಿಪ್ ಸಂಶೋಧನೆಯ ಐಮೆಕ್ ಇದೆ, ಅದಕ್ಕೇ ಕನ್ನಡದವರೂ ಸಿಗುತ್ತಾರೆ. ಸ್ಟೆಲ್ಲಾ ಆರ್ಟ್ವಾ ತಯಾರಾಗುವುದೂ ಇದೇ ಊರಲ್ಲಿ. ಈ ದೇಶದ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹಾಗಾಗಿ ಇಲ್ಲಿ ಬಿಯರ್ ಬಗ್ಗೆ ಮಾತಾಡುವಾಗ ಯಾರೂ ದನಿ ತಗ್ಗಿಸುವುದಿಲ್ಲ. ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಮಾತ್ರ ನಾನೂ ತಗ್ಗಿಸುತ್ತೇನೆ.

ಇಲ್ಲಿನ ಹಳೇ ಮನೆಗಳು ಒಂದಕ್ಕೊಂದು ಅಂಟಿಕೊಂಡ, ಅಗಲ ಕಡಿಮೆ ಎತ್ತರ ಜಾಸ್ತಿ ಇರುವ ಮನೆಗಳು. ಮೆಟ್ಟಿಲ ಕೆಳಗೊಂದು ಬಾಗಿಲು, ಅದರಾಚೆ ಕಡಿದಾದ ಮೆಟ್ಟಿಲಿಳಿದರೆ ಇಟ್ಟಿಗೆ ಕಮಾನಿನ ನೆಲಮಾಳಿಗೆ. ಇವರು ಕೆಲ್ಡರ್ ಅಂತಾರೆ. ಹಿಂದೆ ಕಲ್ಲಿದ್ದಲು, ಆಲೂಗಡ್ಡೆ ತುಂಬಿಡುತ್ತಿದ್ದರಂತೆ. ನಮ್ಮ ಪಾಲಿಗೆ ಅದು ನೀರಿನ ಮೀಟರು ಮತ್ತು ಹಳೇ ಸೂಟ್‌ಕೇಸುಗಳ ಜಾಗವಾಗಿತ್ತು. ಸೋನಾ ಮಸೂರಿ ಚೀಲವೂ ಅಲ್ಲೇ ಇತ್ತು, ಥಂಡಿ ಹಿಡಿಯುತ್ತದೆ ಅಂತ ನನ್ನ ಹೆಂಡತಿ ಮೇಲೆ ಸಾಗಿಸಿದಳು. ಖಾಲಿಯಾದ ಆ ಮೂಲೆಗೆ ಬಿಯರ್ ಬಂತು.

ಇದನ್ನು ತಲೆಗೆ ಹಾಕಿದ್ದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅವರ ನೆಲಮಾಳಿಗೆಯಲ್ಲಿ ಕ್ರೇಟುಗಳು ಗೋಡೆ ಹಿಡಿದು ನಿಂತಿವೆ, ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ತಿಂಗಳು, ವರ್ಷ. ಒಂದು ಮಾತು ಮಾತ್ರ ಒತ್ತಿ ಹೇಳಿದರು: ಬಿಯರ್ ಇಡೋದು ಸುಲಭ, ಯಾವುದನ್ನು ಇಡಬಾರದು ಅಂತ ತಿಳಿಯೋದು ಕಷ್ಟ.

ಅಕ್ಕಿ ಹಳೇದಾದರೆ ಅನ್ನ ಉದುರುದುರು, ರವೆ ಹಳೇದಾದರೆ ಹುಳ. ಬಿಯರಿನ ಲೆಕ್ಕವೂ ಇಷ್ಟೇ, ಮತ್ತು ಮುಕ್ಕಾಲು ಪಾಲು ಬಿಯರ್ ರವೆಯ ಜಾತಿ. ಹಾಪ್ಸ್ ಅನ್ನೋ ಹೂವಿನ ಪರಿಮಳದ ಮೇಲೇ ನಿಂತ ಐಪಿಎ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಸ್ಟೆಲ್ಲಾ, ನಮ್ಮ ಕಿಂಗ್‌ಫಿಷರ್, ಹತ್ತಿರದ ಹಳ್ಳಿಯಲ್ಲೇ ಹುಟ್ಟಿದ ಹೂಗಾರ್ಡನ್, ಇವೆಲ್ಲ ತಾಜಾ ಇದ್ದಾಗಲೇ ಚೆಂದ. ಇಟ್ಟರೆ ಒಳಗೆ ಸೇರಿದ ಚೂರು ಆಮ್ಲಜನಕ ಕೆಲಸ ಮಾಡಿ, ಒದ್ದೆ ರಟ್ಟಿನ ಡಬ್ಬದ ವಾಸನೆ ಬರುತ್ತದೆ. ಚೆರಿ ಹಾಕಿದ ಕ್ರೀಕ್ ಕೂಡ ಅಷ್ಟೇ, ಇಟ್ಟಷ್ಟೂ ಹಣ್ಣಿನ ರುಚಿ ಇಳಿಯುತ್ತದೆ.

ಇಡಬೇಕಾದದ್ದು ಮೂರು ಥರದ್ದು. ಆಲ್ಕೋಹಾಲ್ ಶೇ 8ರ ಮೇಲಿರುವ ಕಪ್ಪು ಬಣ್ಣದ ಗಟ್ಟಿ ಬಿಯರ್, ಹುಳಿ ಬಿಯರ್, ಮತ್ತೆ ಬಾಟಲಿಯೊಳಗೆ ಯೀಸ್ಟ್ ಜೀವಂತ ಇದ್ದು ಇನ್ನೂ ಕೆಲಸ ಮಾಡುತ್ತಿರುವಂಥದ್ದು.

ಹೊಸಬರು ಮೊದಲು ಓರ್ವಾಲ್ ಒಂದು ಕ್ರೇಟು ತಂದುಬಿಡಿ ಅಂತೀನಿ. ಇದು ದಕ್ಷಿಣದ ಗಡಿ ಹತ್ತಿರದ ಓರ್ವಾಲ್ ಮಠದಲ್ಲಿ ತಯಾರಾಗುವ ಟ್ರಾಪಿಸ್ಟ್ (ಅಂದರೆ ಆ ಹೆಸರಿನ ಕ್ರೈಸ್ತ ಸನ್ಯಾಸಿಗಳ ಪಂಥದ) ಬಿಯರ್, ಆಲ್ಕೋಹಾಲ್ ಶೇ 6.2. ಅಷ್ಟೇನೂ ಗಟ್ಟಿಯಲ್ಲ, ಕಪ್ಪೂ ಅಲ್ಲ. ಆದರೂ ಇಟ್ಟರೆ ಕೆಡುವುದಿಲ್ಲ, ಯಾಕಂದರೆ ಬಾಟಲಿಗೆ ತುಂಬುವಾಗ ಬ್ರೆಟನೊಮೈಸೆಸ್ ಅನ್ನೋ ಕಾಡು ಯೀಸ್ಟ್ ಸೇರಿಸುತ್ತಾರೆ. ಮಾಮೂಲಿ ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆಯನ್ನು ಇದು ನಿಧಾನಕ್ಕೆ ಮೇಯುತ್ತಾ ಹೋಗುತ್ತದೆ. ಬಾಟಲಿ ನೋಡೋಕೆ ಬೌಲಿಂಗ್ ಆಟದ ಗೂಟದ ಥರ. ಲೇಬಲ್ಲಿನಲ್ಲಿ ಎರಡು ತಾರೀಖು ಇರುತ್ತದೆ, ತುಂಬಿದ್ದು ಯಾವಾಗ ಮತ್ತು ಐದು ವರ್ಷ ಮುಂದಿನ ಕೊನೇ ತಾರೀಖು. ಒಂದೇ ದಿನ ತುಂಬಿದ 24 ಬಾಟಲಿ ಸಿಕ್ಕರೆ ಪಾಠಕ್ಕೆ ಅಷ್ಟು ಸಾಕು. ಎರಡು ತಿಂಗಳಿಗೊಂದು ತೆಗೆಯಿರಿ. ಎಳೇದರಲ್ಲಿ ಹಾಪ್ಸಿನ ಕಹಿ ಮುಂದೆ ಇರುತ್ತದೆ, ಕಿತ್ತಳೆ ಸಿಪ್ಪೆ ಉಜ್ಜಿದ ಹಾಗೆ. ಆರು ತಿಂಗಳಿಗೆ ಕಹಿ ಹಿಂದೆ ಸರಿದು ಸಿಹಿ ಪೂರ್ತಿ ಮಾಯ. ವರ್ಷದ ಹೊತ್ತಿಗೆ ಚರ್ಮದ, ಕುದುರೆ ಲಾಯದ ವಾಸನೆ. ಓದೋಕೆ ಅಸಹ್ಯ ಅನ್ನಿಸಬಹುದು, ಗ್ಲಾಸಿನಲ್ಲಿ ಹಾಗನ್ನಿಸುವುದಿಲ್ಲ. ನನಗಂತೂ ಎಂಟು ಹತ್ತು ತಿಂಗಳದ್ದೇ ಇಷ್ಟ, ಮೂರು ವರ್ಷದ್ದನ್ನು ಹೊಗಳುವವರ ಜೊತೆ ವಾದ ಮಾಡೋಕೆ ಹೋಗುವುದಿಲ್ಲ.

ಕಪ್ಪು ಬಿಯರಿನಲ್ಲಿ ರೋಶ್‌ಫೋರ್ 10 ಇದೆ, ಶೇ 11.3. ಶಿಮೇ ನೀಲಿ ಲೇಬಲ್ಲಿನ ಮೇಲೆ ವರ್ಷವನ್ನೇ ಅಚ್ಚು ಹಾಕುತ್ತಾರೆ, ಲೆಕ್ಕ ಇಡೋದು ಸಲೀಸು. ಕಾಲ ಕಳೆದಂತೆ ಆಲ್ಕೋಹಾಲಿನ ಖಾರ ತಗ್ಗಿ ಒಣದ್ರಾಕ್ಷಿ, ಖರ್ಜೂರದ ರುಚಿ ಎದ್ದು ಬರುತ್ತದೆ, ನೊರೆ ಕಡಿಮೆಯಾಗುತ್ತದೆ. ತೀರಾ ಬಿಟ್ಟರೆ ಸತ್ತ ಯೀಸ್ಟಿನಿಂದ ಸೋಯಾ ಸಾಸಿನ ವಾಸನೆ ಶುರು. ಆಮೇಲೆ ಅದನ್ನು ಕುಡಿಯೋದಕ್ಕಿಂತ ನೂಡಲ್ಸಿಗೆ ಹಾಕೋದು ವಾಸಿ.

ವೆಸ್ಟ್‌ವ್ಲೇತರೆನ್ 12ರ ಹೆಸರು ಕೇಳಿರಬಹುದು. ಬಾಟಲಿಗೆ ಬಹುಕಾಲ ಲೇಬಲ್ಲೇ ಇರಲಿಲ್ಲ, ಹಳದಿ ಮುಚ್ಚಳವೇ ಗುರುತು. ಹಿಂದೆ ಮಠಕ್ಕೆ ಫೋನ್ ಮಾಡಿ, ಕಾರಿನ ನಂಬರ್ ಕೊಟ್ಟು, ಹೇಳಿದ ದಿನ ಹೋಗಿ ಮರದ ಕ್ರೇಟು ಹೊತ್ತು ತರಬೇಕಿತ್ತು. 2019ರಲ್ಲಿ ಬುಕಿಂಗ್ ಆನ್‌ಲೈನ್ ಆಯಿತು. ಬಿಯರ್ ಚೆನ್ನಾಗಿದೆ, ಗಲಾಟೆ ಜಾಸ್ತಿ. ಹತ್ತಿರದ ವಾತೌ ಹಳ್ಳಿಯ ಸಿಂಟ್ ಬರ್ನಾರ್ಡಸ್‌ನವರು 1946ರಿಂದ 1992ರವರೆಗೆ ಇದೇ ಮಠದ ಪರವಾನಗಿಯಲ್ಲಿ ಬಿಯರ್ ಮಾಡುತ್ತಿದ್ದರು. ಅವರ ಆಬ್ಟ್ 12 ಮಾಮೂಲಿ ಅಂಗಡಿಯಲ್ಲೇ ಸಿಗುತ್ತದೆ. ನನ್ನ ದುಡ್ಡು ಅದಕ್ಕೇ.

ಆದರೆ ಮಾಳಿಗೆಯ ನಿಜವಾದ ಒಡೆಯ ಗೂಝ್ ಅನ್ನೋ ಹುಳಿ ಬಿಯರ್. ಬ್ರಸೆಲ್ಸ್ ಮತ್ತು ಅದರ ನೈರುತ್ಯದ ಪಾಯೊಟೆನ್‌ಲ್ಯಾಂಡ್ ಇದರ ತವರು. ಚಳಿಗಾಲದಲ್ಲಿ ಧಾನ್ಯ ಬೇಯಿಸಿ ತೆಗೆದ ಬಿಸಿ ರಸವನ್ನು ಅಟ್ಟದ ಮೇಲಿನ ಅಗಲವಾದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟ್ ಯಾರೂ ಹಾಕುವುದಿಲ್ಲ, ಗಾಳಿಯಲ್ಲಿರೋದೇ ಬಂದು ಬೀಳಬೇಕು. ಆಮೇಲೆ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ. ಇದು ಲಾಂಬಿಕ್. ಒಂದು, ಎರಡು, ಮೂರು ವರ್ಷದ ಲಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದರೆ ಅದು ಮತ್ತೆ ಹುದುಗಿ ಗೂಝ್ ಆಗುತ್ತದೆ. ಬ್ರಸೆಲ್ಸಿನ ಆಂಡರ್ಲೆಕ್ಟ್‌ನಲ್ಲಿ 1900ರಿಂದ ಇರುವ ಕಾಂಟಿಯೋಂ ಬ್ರೂವರಿ ಮ್ಯೂಸಿಯಂ ಕೂಡ ಹೌದು, ಊರಿಂದ ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಜೇಡರ ಬಲೆ ತೆಗೆಯುವುದಿಲ್ಲ. ನೊಣ ಹಿಡಿಯೋಕೆ ಜೇಡ ಬೇಕು.

ಗೂಝ್‌ಗೆ 20 ವರ್ಷ ಮುಂದಿನ ತಾರೀಖು ಹಾಕಿರುವ ಲೇಬಲ್ಲುಗಳಿವೆ. ಕಾರ್ಕ್ ಇರುವುದರಿಂದ ಮಲಗಿಸಿ ಇಡುತ್ತಾರೆ, ಕಾರ್ಕ್ ಒಣಗಬಾರದು ಅಂತ. ತೆಗೆಯುವಾಗಲೂ ನಿಲ್ಲಿಸದೆ, ಮಲಗಿದ್ದ ಹಾಗೇ ಸಣ್ಣ ಬೆತ್ತದ ಬುಟ್ಟಿಯಲ್ಲಿ ಕೂರಿಸಿ ತರಬೇಕು. ಇಲ್ಲದಿದ್ದರೆ ತಳದ ಗಸಿ ಎದ್ದುಬಿಡುತ್ತದೆ. ಮುಚ್ಚಳದ ಬಾಟಲಿಗಳನ್ನು ಮಾತ್ರ ನೆಟ್ಟಗೆ ನಿಲ್ಲಿಸಿಡಿ, ಗಸಿ ಕೆಳಗೇ ಕೂರುತ್ತದೆ.

ಇನ್ನು ಜಾಗದ ವಿಷಯ. 10ರಿಂದ 13 ಡಿಗ್ರಿ, ಕತ್ತಲು, ಏರಿಳಿತ ಇಲ್ಲದಿರೋದು, ಅಷ್ಟೇ. ಬೆಳಕು ಬಿದ್ದರೆ ಹಾಪ್ಸಿನ ಅಂಶ ಒಡೆದು ಗಬ್ಬು ನಾತ ಬರುತ್ತದೆ, ಹಸಿರು ಬಾಟಲಿಯಲ್ಲಂತೂ ಬೇಗ. ನಮ್ಮ ಬೀದಿಯ ಕೆಲವು ಮನೆಗಳಲ್ಲಿ ಹೀಟಿಂಗ್ ಬಾಯ್ಲರ್ ಕೂಡ ಮಾಳಿಗೆಯಲ್ಲೇ ಇದೆ. ಅದರ ಪಕ್ಕ ಬಿಯರ್ ಇಡೋದೂ ಒಂದೇ, ಒಲೆ ಮೇಲಿಡೋದೂ ಒಂದೇ. ಬಿಸಿ ಏನು ಮಾಡುತ್ತದೆ ಅನ್ನೋದಕ್ಕೆ ಇಲ್ಲಿ ಎಲ್ಲರೂ ಹೇಳುವ ಕಥೆ ಗೂಝ್ ತಯಾರಿಸುವ ಡ್ರೀ ಫೋಂತೇನೆನ್‌ನವರದು. 2009ರಲ್ಲಿ ಅವರ ಗೋದಾಮಿನ ಥರ್ಮೋಸ್ಟಾಟ್ ಕೆಟ್ಟು ಬಿಸಿ ಏರುತ್ತಲೇ ಹೋಯಿತು. ಬಾಟಲಿಗಳು ಸಿಡಿದವು, ಸಿಡಿಯದೆ ಉಳಿದ ಸಾವಿರಾರು ಬಾಟಲಿಯೂ ಮಾರುವಂತಿರಲಿಲ್ಲ. ಮಾಲೀಕ ಆರ್ಮಂಡ್ ಡೆಬೆಲ್ಡರ್ ಆ ಬಿಯರನ್ನು ಚೆಲ್ಲದೆ ಭಟ್ಟಿ ಇಳಿಸಿಸಿ ಮದ್ಯ ಮಾಡಿ ಮಾರಿದರು. ಮುಳುಗಬೇಕಿದ್ದ ಅಂಗಡಿ ಇವತ್ತಿಗೂ ನಡೆಯುತ್ತಿದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಂದ ನನ್ನ ಭಾಮೈದ ಬಂದಿದ್ದ. ಮಾಳಿಗೆಯಿಂದ ಗೂಝ್ ತಂದು ಸುರಿದೆ. ಬಾಟಲಿ ತಿರುಗಿಸಿ ನೋಡಿದ. "ಭಾವ, ಇದು ಡೇಟ್ ಬಾರ್ ಆಗಿಲ್ಲ ತಾನೇ? ಫ್ರಿಜ್ಜಿನಲ್ಲೂ ಇಟ್ಟಿರಲಿಲ್ವಲ್ಲ."

"ಕುಡಿದು ನೋಡೋ, ಏನೂ ಆಗಲ್ಲ."

ಒಂದು ಗುಟುಕಿಗೆ ಮುಖ ಕಿವುಚಿದ. "ಇದೇನು ಭಾವ, ನಿಂಬೆಹಣ್ಣು ಹಿಂಡಿದ್ದೀರಾ?"

ಎರಡನೇ ಗ್ಲಾಸು ಅವನೇ ಬಗ್ಗಿಸಿಕೊಂಡ. ಅಲ್ಲಿಂದ ಶುರುವಾಯಿತು ಅವನ ತಲೆಹರಟೆ: ನಮ್ಮ ಮನೆ ಅಟ್ಟದ ಮೇಲೂ ಇಡಬಹುದಾ? ಬೇಡ ಕಣೋ ಅಂದೆ. ಬೇಸಿಗೆಯಲ್ಲಿ 30 ಡಿಗ್ರಿ ದಾಟುವ ಕೋಣೆಯಲ್ಲಿ ಬಿಯರ್ ಬೇಗ ಕೆಡುತ್ತದೆ. ಮೇಲಾಗಿ ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನೋದಕ್ಕೆ ಕರ್ನಾಟಕದಲ್ಲಿ ಅಬಕಾರಿ ಮಿತಿ ಬೇರೆ ಇದೆ.

ಡಿಸೆಂಬರಿನಲ್ಲಿ ನಾವು ಊರಿಗೆ ಹೊರಟಾಗ ಅವನ ಪಟ್ಟಿ ಮೊದಲೇ ಬಂದಿತ್ತು. ಒಬ್ಬರಿಗೆ ಸುಂಕವಿಲ್ಲದೆ ತರಲು ಬಿಡೋದು ಎರಡು ಲೀಟರ್. 33 ಸೆಂಟಿಲೀಟರಿನ ಬಾಟಲಿಯಾದರೆ ಆರು, ಒಟ್ಟು 1.98 ಲೀಟರ್. ನಾಲ್ಕು ರೋಶ್‌ಫೋರ್, ಎರಡು ಓರ್ವಾಲ್, ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುಮಧ್ಯೆ ಇಟ್ಟೆ. ಒಂದೂ ಒಡೆಯಲಿಲ್ಲ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ನಿಲ್ಲಿಸಿಡು, ಯುಗಾದಿ ಒಳಗೆ ಮುಗಿಸು ಅಂತ ಹೇಳಿ ಕೊಟ್ಟೆ. ಸಂಕ್ರಾಂತಿಗೇ ಖಾಲಿ.